ಎಳ್ಳಮಾಸಿಯ ದಿನ ನಾನು ದಬ್ಬಿದ ಪೊಲೀಸ

ಪೊಲೀಸ ಜಾರಿ ಬೀಳಲಿಲ್ಲ. ನಾನು ದಬ್ಬಿದ್ದಕ್ಕೆ ಬಿದ್ದ. ನಮ್ಮ ಕಟ್ಟೆಯ ಮೂರು ಮೆಟ್ಟಿಲುಗಳನ್ನು ಬೆಳಿಗ್ಗೆ ನಾನೇ ತೊಳೆದದ್ದು ಹೌದಾದರೂ ಅವನು ಬರುವ ಹೊತ್ತಿಗೆ ಆ ಕಲ್ಲು ಬಿಸಿಲಿಗೆ ಒಣಗಿ ಕಾಯ್ದಿತ್ತು. ಜಾರಿದ ಎಂದು ಯಾರು ಹೇಳಿದರೂ ನಂಬಬೇಡಿ, ನನ್ನ ಮಗ ಹೇಳಿದರೂ ನಂಬಬೇಡಿ. ದಬ್ಬಿದ್ದು ಸರಿಯೋ ತಪ್ಪೋ ಎಂದು ಕೇಳಿದರೆ ಮಾತ್ರ ನನಗೆ ತಿಳಿಯದು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಆಳಂದದ ಈ ಕಡೆಯ ಊರುಗಳಲ್ಲಿ ಯಾರೂ ಮನೆಯಲ್ಲಿ ನಿಲ್ಲುವುದಿಲ್ಲ. ಬಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ತೋರಿಸಿ, ಜೋಳದ ಸಾಲುಗಳ ನಡುವೆ ಆ ಎಡೆಯನ್ನೇ ಚರಗವಾಗಿ ಚೆಲ್ಲಿ, ಹೊಟ್ಟೆ ತುಂಬ ಉಂಡು ಸಂಜೆಗೆ ತಿರುಗುತ್ತಾರೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಮಾತ್ರ ಮನೆ ಕಾಯುತ್ತೇನೆ. ಅಂಥ ಮಧ್ಯಾಹ್ನ ಇಬ್ಬರು ಬಂದರು, ಒಬ್ಬ ವಯಸ್ಸಾದ ದಫೇದಾರ, ಒಬ್ಬ ಎಳೆಯ ಸಿಪಾಯಿ. ಅಫಜಲಪುರದ ಕಡೆ ಹೊಳೆಯ ದಂಡೆಯಲ್ಲಿ ಕಳುವಾದ ನೀರಿನ ಮೋಟಾರು ನಮ್ಮ ಮನೆಯಲ್ಲಿದೆಯಂತೆ, ಒಳಗೆ ಹುಡುಕಬೇಕಂತೆ.

ನಾನು ಮೂರನೇ ಇಯತ್ತೆಯನ್ನೂ ಮುಗಿಸಿದವಳಲ್ಲ. ಆದರೆ ಒಂದು ಕಾಯ್ದೆ ಗೊತ್ತಿತ್ತು: ಮನೆ ಹುಡುಕುವಾಗ ಊರಿನ ಇಬ್ಬರು ಪಂಚರು ನಿಂತು ನೋಡಬೇಕು.

"ಪಂಚರೆಲ್ಲಿ?" ಎಂದೆ.

"ಎಳ್ಳಮಾಸಿ ದಿನ ಪಂಚರನ್ನ ಎಲ್ಲಿಂದ ತರ್ಲಿ ಬೇ ಮುದುಕಿ? ಊರಾಗ ನೊಣ ಸೈತ ಇಲ್ಲ," ಎಂದ ಸಿಪಾಯಿ.

"ಹೊಲಕ್ಕ ಹೋಗು. ಪಂಚರೂ ಸಿಗ್ತಾರ, ಬಜ್ಜಿ ರೊಟ್ಟಿನೂ ಸಿಗ್ತದ."

ದಫೇದಾರ ನಕ್ಕುಬಿಟ್ಟ. ಅವನು ನಗದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಸಿಪಾಯಿಯ ಮುಖ ಕೆಂಪಾಯಿತು, "ಸರಿ ಆಕಡಿ" ಎಂದು ಬೂಟುಗಾಲನ್ನು ಹೊಸ್ತಿಲೊಳಗೆ ಇಟ್ಟ. ನಾನು ಎರಡೂ ಕೈಯನ್ನು ಅವನ ಎದೆಗೆ ಕೊಟ್ಟು ದಬ್ಬಿದೆ. ಮೂರೂ ಮೆಟ್ಟಿಲು ಉರುಳಿ ಅಂಗಳಕ್ಕೆ ಬಿದ್ದ, ಮುಂಗೈ ಉಳುಕಿತು. ನಾನು ಬಾಗಿಲು ಹಾಕಿ ಅಗಳಿ ಜಡಿದೆ. ಅವರು ಹೋದರು.

ಒಳಗೆ ಮೋಟಾರು ಇರಲಿಲ್ಲ. ನಾಲ್ಕು ಚೀಲ ತೊಗರಿ, ದೇವರ ಜಗಲಿ, ಒಣಹಾಕಿದ ನನ್ನ ಸೀರೆ, ಇಷ್ಟೇ. ಬಚ್ಚಿಡಲು ಏನೂ ಇಲ್ಲದವಳು ಬಾಗಿಲಿಗೆ ಅಡ್ಡ ನಿಂತದ್ದೇಕೆ ಎಂದು ನನ್ನನ್ನೇ ಕೇಳಿಕೊಂಡೆ. ಯಡ್ರಾಮಿ ಕಡೆಯ ನನ್ನ ತವರಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದನ್ನೇ ನಾನು ಕಂಡಿಲ್ಲ. ಯಾರು ಬೇಕಾದರೂ ಬರುತ್ತಿದ್ದರು, ಆದರೆ ಹೊರಗೆ ನಿಂತು ಒಮ್ಮೆ ಕೂಗಿ ಬರುತ್ತಿದ್ದರು. ಆ ಒಂದು ಕೂಗಿಗಾಗಿ ಒಬ್ಬರ ಕೈ ಉಳುಕಿಸಬಹುದೇ?

ಸಂಜೆ ಪಕ್ಕದ ಮನೆಯ ಸಿದ್ದಪ್ಪ ತಲೆ ತಗ್ಗಿಸಿಕೊಂಡು ಬಂದ.

"ಕಾಕಿ, ಹೊಲದಿಂದ ಬರೂ ಹಾದ್ಯಾಗ ದಫೇದಾರ ಠಾಣಾಕ್ಕ ಕರದ್ರು. ಪಂಚನಾಮಾಕ್ಕ ಸಹಿ ಹಾಕಿ ಬಂದೀನಿ."

"ಏನಂತ ಬರದಾರ?"

"ಮಲ್ಲಣ್ಣ ದಬ್ಬ್ಯಾನಂತ."

ಮಲ್ಲಣ್ಣ ನನ್ನ ಮಗ. ಅಂದು ಮಧ್ಯಾಹ್ನ ಇದೇ ಸಿದ್ದಪ್ಪನ ಜೊತೆ ಒಂದೇ ಬನ್ನಿಗಿಡದ ಕೆಳಗೆ ಕೂತು ಉಂಡವನು.

"ನಿನ್ನ ಬಾಜೂಕ ಕುಂತು ಉಂಡಾನಲ್ಲೋ!"

"ಉಂಡಾನ ಕಾಕಿ. ಆದ್ರ ಮುದುಕಿ ಕೆಡವ್ಯಾಳಂತ ಬರಸಾಕ ಆ ಸಿಪಾಯಿಗಿ ನಾಚಿಕಿ ಬರ್ತದಂತ. ಸಾಹೇಬ್ರು ಸುಳ್ಳ ಬರೀತಾರೇನು ಅಂತ ನಾ ಸಹಿ ಹಾಕ್ದೆ."

ಬೈಯಬೇಕೆಂದಿದ್ದೆ, ಆದರೆ ಆ ಕೊನೆಯ ಮಾತು ನನ್ನ ಗಂಡನದು. ಬದುಕಿದ್ದಾಗ ಅವನು ಠಾಣೆಯ ಕಾಯಂ ಪಂಚ, ಅಕ್ಷರ ದುಂಡಗಿತ್ತೆಂದು ಕರೆಸುತ್ತಿದ್ದರು. ಯಾರ ಮನೆಯನ್ನೂ ನೋಡದೆ, ಅಲ್ಲಿಯೇ ಸಹಿ ಹಾಕಿ, ಚಹಾ ಕುಡಿದು, ಸಾಹೇಬರು ಸುಳ್ಳು ಬರೆಯುತ್ತಾರೆಯೇ ಎನ್ನುತ್ತ ಮನೆಗೆ ಬರುತ್ತಿದ್ದ. ನಾನು ಹೆಮ್ಮೆಪಟ್ಟು ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದೆ. ಪಂಚರ ಕಾಯ್ದೆಯನ್ನು ನಾನು ಕಲಿತದ್ದೇ ಅದನ್ನು ದಿನವೂ ಮುರಿಯುತ್ತಿದ್ದವನಿಂದ. ಅವನ ಆ ದುಂಡಗಿನ ಅಕ್ಷರ ಯಾವ ಯಾವ ಮುದುಕಿಯರ ಮಕ್ಕಳನ್ನು ಒಳಗೆ ಹಾಕಿತೋ, ಇಷ್ಟು ವರ್ಷ ನಾನು ಕೇಳಲೇ ಇಲ್ಲ.

ಮಲ್ಲಣ್ಣ ಆಳಂದದ ವಕೀಲರಿಗೆ ಫೋನು ಹಚ್ಚಿ ನನ್ನ ಮುಂದೆ ಹಿಡಿದ. "ಅಮ್ಮಾರ, ಕೆಲವು ಸಲ ವಾರಂಟ್ ಕಾಗದ ಇಲ್ದೇನೂ ಅವರು ಬರಬಹುದು. ಬಂದ ರೀತಿ ತಪ್ಪಿದ್ರ ಆಮ್ಯಾಲ ಕೋರ್ಟಿನ್ಯಾಗ ಕೇಳಬೇಕು. ಜೀವಕ್ಕ ಅಪಾಯ ಇಲ್ದಾಗ ಕೈ ಮಾಡಂಗಿಲ್ರಿ," ಎಂದರು ವಕೀಲರು.

"ಅವ ತಪ್ಪು ಮಾಡಿದ್ರೂ ನಾ ಹಾದಿ ಬಿಡಬೇಕೇನ್ರಿ?"

"ಹಾದಿ ಬಿಟ್ಟು ಜಗಳಾಡಬೇಕ್ರಿ."

ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಕಳ್ಳ ನುಗ್ಗಿದರೆ ದಬ್ಬಬಹುದು, ಕಳ್ಳನನ್ನು ಹಿಡಿಯುವವನು ಕಳ್ಳನಂತೆ ನುಗ್ಗಿದರೆ ಪಕ್ಕಕ್ಕೆ ಸರಿಯಬೇಕು ಎಂದರೆ ನನ್ನ ಹೊಸ್ತಿಲಿಗೆ ಬಂದ ಕಾಲು ಯಾರದೆಂದು ಮೊದಲು ನೋಡಬೇಕಾಯಿತು. ಹಾಗೆಂದು ಎಲ್ಲರೂ ನನ್ನಂತೆ ದಬ್ಬುತ್ತ ಹೋದರೆ ಮೋಟಾರು ಕಳೆದುಕೊಂಡ ಆ ರೈತನಿಗೆ ಅದನ್ನು ಹುಡುಕಿ ಕೊಡುವವರು ಯಾರು? ಒಂದು ಕಡೆಯಿಂದ ಯೋಚಿಸಿದರೆ ನಾನು ಸರಿ, ಮಗ್ಗುಲು ಬದಲಿಸಿ ಯೋಚಿಸಿದರೆ ವಕೀಲರು ಸರಿ. ಎಷ್ಟು ಸಲ ಮಗ್ಗುಲು ಬದಲಿಸಲಿ?

"ಯವ್ವಾ, ಜಾರಿ ಬಿದ್ದಾನಂತ ಎಲ್ಲಾರೂ ಒಂದ ಮಾತು ಅಂದ್ರ ಮುಗೀತದ," ಎಂದ ಮಲ್ಲಣ್ಣ. ಮರುದಿನ ಹತ್ತಕ್ಕೆ ಅವನನ್ನು ಠಾಣೆಗೆ ಬರಹೇಳಿದ್ದರು. ಹೋದರೆ ಅಲ್ಲೇ ಕೂರಿಸಿಕೊಳ್ಳುತ್ತಾರೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಗಾಗುತ್ತಲೇ ಸಿದ್ದಪ್ಪನ ಬಾಗಿಲು ಬಡಿದು ಅವನನ್ನು ಎಬ್ಬಿಸಿದೆ. ಟಂಟಂ ಆಟೋದಲ್ಲಿ ಮುಂದೆ ಕೂರಿಸಿ, ಹಿಂದೆ ನಾನು ಕೂತು, ಮಲ್ಲಣ್ಣ ಏಳುವ ಮೊದಲೇ ಠಾಣೆ ಮುಟ್ಟಿದೆ. ಮುಂಗೈಗೆ ಪಟ್ಟಿ ಕಟ್ಟಿಕೊಂಡ ಸಿಪಾಯಿ ಮೇಜಿನ ಹಿಂದೆ ಇದ್ದ. ಸುತ್ತ ಹತ್ತು ಮಂದಿ.

"ನಿನ್ನ ಕೆಡವಿದಾಕಿ ನಾನು. ಕೈಗಿ ಪೆಟ್ಟಾಗಿದ್ದು ತಪ್ಪಾತು. ಈಗ ನನ್ನ ಹೆಸರು ಬರಿ," ಎಂದೆ.

ಅವನು ಕಿಟಕಿಯ ಕಡೆ ನೋಡಿದ. "ಮನೀಗಿ ಹೋಗು ಬೇ ಆಯಿ."

"ಹಂಗಾದ್ರ ಏಳು. ಬಾಗಿಲದಾಗ ನಿಲ್ಲು. ಹ್ಯಾಂಗ ದಬ್ಬಿದ್ದೆ ಅಂತ ಇವರೆಲ್ಲರ ಮುಂದ ತೋರಸ್ತೇನಿ. ಸಿದ್ದಪ್ಪಾ, ಈ ಸಲರೇ ಕಣ್ಣು ತೆರದು ನೋಡು."

ಸಿಪಾಯಿ ಏಳಲಿಲ್ಲ. ದಫೇದಾರ ಬಂದು ಮಲ್ಲಣ್ಣನ ಹೆಸರಿದ್ದ ಹಳೆಯ ಹಾಳೆಯನ್ನು ಎತ್ತಿ ಪಕ್ಕಕ್ಕಿಟ್ಟು, ಹೊಸದೊಂದು ತೆಗೆದು, ನನ್ನ ಹೆಸರು ಕೇಳಿದ. ನಾನು ನಿಧಾನವಾಗಿ, ಅವನು ತಪ್ಪದೆ ಬರೆಯುವಂತೆ, ಹೇಳಿದೆ.