ಮೂರು ತೊಟ್ಟು ಎಣ್ಣೆಯ ಸುಳ್ಳು

ಮೂರು ತೊಟ್ಟು ಎಣ್ಣೆಯ ವಿಷಯದಲ್ಲಿ ನಾನೊಮ್ಮೆ ಡಾಕ್ಟರಿಗೆ ಸುಳ್ಳು ಹೇಳಿದ್ದೇನೆ.

ಆಗ ನಾವು ಗಿರಾವೀನ್ ಎಂಬ ಹೊರದೇಶದ ಬಡಾವಣೆಯಲ್ಲಿದ್ದೆವು. ಬೇಸಿಗೆಯಿಡೀ ಈಜುಕೊಳದಲ್ಲೇ ಇದ್ದ ಒಂಬತ್ತು ವರ್ಷದ ಮಗಳು ಮೇಘನಾ ಒಂದು ಶುಕ್ರವಾರ ಬಲಗಿವಿ ಹಿಡಿದುಕೊಂಡು ಬಂದಳು. ಕಿವಿನೋವೆಂದರೆ ನಮ್ಮ ಮನೆತನದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವಂತೆ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಮೂರು ತೊಟ್ಟು ಬಿಟ್ಟು, ಹತ್ತಿ ಇಡುತ್ತೇವೆ. ನಾನೂ ಇಟ್ಟೆ.

ಮೆಲ್ಬರ್ನ್ ಕಡೆಯ ಟ್ರುಗನಿನಾದಲ್ಲಿರುವ ತಂಗಿ ಸುಧಾ ಫೋನಿನಲ್ಲೇ ಬೈದಳು. "ಅಣ್ಣ, ಕಿವಿಗೆ ಯಾಕೋ ಒಗ್ಗರಣೆ ಹಾಕ್ದೆ? ಮೆಲ್ಬರ್ನ್‌ನಲ್ಲಿ ನಾವು ಸ್ವಿಮ್ಮಿಂಗ್ ಆದ್ಮೇಲೆ ವಿನೆಗರ್, ಸ್ಪಿರಿಟ್ ಮಿಕ್ಸ್ ಮಾಡಿ ಬಿಡ್ತೀವಿ."

ನನ್ನದು ಒಗ್ಗರಣೆ ಪಂಥ, ಅವಳದು ಉಪ್ಪಿನಕಾಯಿ ಪಂಥ. ಇಬ್ಬರೂ ಅಡುಗೆಮನೆ ದಾಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೇಘನಾ ಎಡಗಿವಿಯನ್ನು ದಿಂಬಿಗೊತ್ತಿ, ಗೋಡೆ ನೋಡುತ್ತ ಮಲಗಿದ್ದಳು. ಕರೆದೆ. ಇನ್ನೂ ಜೋರಾಗಿ ಕರೆದೆ. ರೆಪ್ಪೆ ಬಡಿಯುತ್ತಿತ್ತು, ತಲೆ ತಿರುಗಲಿಲ್ಲ. ಮಗಳ ಕಿವಿ ಹೋಯಿತು, ಕಳೆದವನು ನಾನೇ ಎಂದುಕೊಂಡೆ. ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ.

ಪಕ್ಕದ ಬ್ಲ್ಯಾಕ್‌ಟೌನ್‌ನ ಡಾಕ್ಟರು ವಯಸ್ಸಾದ ಹೆಂಗಸು. ಕಿವಿಗೆ ಏನಾದರೂ ಬಿಟ್ಟಿರಾ ಎಂದು ಕೇಳಿದರು. ಆ ದೇಶದಲ್ಲೇ ನೆಲೆಸಲು ಪಿಆರ್ ಸಿಕ್ಕ ಇಂಜಿನಿಯರು ಬೆಳ್ಳುಳ್ಳಿಯ ಹೆಸರೆತ್ತುವುದು ಹೇಗೆ? ಇಲ್ಲ ಎಂದೆ.

"ಗಾರ್ಲಿಕ್ ಆಯಿಲ್," ಎಂದಳು ಮೇಘನಾ. "ಥ್ರೀ ಡ್ರಾಪ್ಸ್. ಅಪ್ಪ ಡಿಡ್ ಇಟ್." ಎಡಗಿವಿಗೆ ಎಲ್ಲವೂ ಚೆನ್ನಾಗಿ ಕೇಳಿಸಿತ್ತು.

ಡಾಕ್ಟರು ನಗಲಿಲ್ಲ, ಗದರಲಿಲ್ಲ, ಬರೆದುಕೊಂಡರು. ಕಿವಿಯ ತಮಟೆ ತೂತಾಗಿದ್ದರೆ ಕೆಲವು ಹನಿಮದ್ದು ಒಳಗಿವಿಯನ್ನೇ ಕೆಡಿಸಬಹುದು, ಅದಕ್ಕೇ ಕೇಳುವುದು ಎಂದರು. ತಂಗಿಯ ವಿನೆಗರ್ ಬಗ್ಗೆ ಕೇಳಿದ್ದಕ್ಕೆ, ಅದು ಆರೋಗ್ಯವಾಗಿರುವ ಕಿವಿಯ ಕಾವಲಿಗೆ ಸರಿ, ಹುಣ್ಣಾದ ಕಿವಿಗಲ್ಲ ಎಂದರು. ಎಣ್ಣೆ, ಕೊಳೆ ಎಲ್ಲವನ್ನೂ ಅವಸರವಿಲ್ಲದೆ ತೆಗೆದು, ಬಹಳ ಹೊತ್ತು ಇಣುಕಿ ನೋಡಿ, ತಮಟೆ ಸರಿಯಿದೆ ಎಂದರು. ಆಗ ನಾನು ಕುರ್ಚಿಯಲ್ಲಿ ಕುಳಿತೆ.

ಊದಿಕೊಂಡ ಕಿವಿಯ ದಾರಿಯಲ್ಲಿ ಸ್ಪಂಜಿನ ಸಣ್ಣ ಒಣ ಬತ್ತಿಯೊಂದನ್ನು ಇಟ್ಟು ಮದ್ದು ಬಿಟ್ಟರು. ಬತ್ತಿ ಅದನ್ನು ಕುಡಿದು ಉಬ್ಬಿತು. ನನ್ನ ಎಣ್ಣೆ ಬಾಗಿಲಲ್ಲೇ ಕುಳಿತಿತ್ತು. ಈ ಬತ್ತಿ ಮದ್ದನ್ನು ಕೈಹಿಡಿದು ಒಳಮನೆಯವರೆಗೆ ಕರೆದೊಯ್ಯುತ್ತಿತ್ತು. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ವಿವೇಕವನ್ನು ನಾನು ಕಂಡಿರಲಿಲ್ಲ.

ಗುರುವಾರ ಅವಳು ಮತ್ತೆ ಎಡಗಿವಿಯನ್ನು ದಿಂಬಿಗೊತ್ತಿ ಮಲಗಿದ್ದಾಗ ಬಲಗಡೆಯಿಂದ ಪಿಸುಗುಟ್ಟಿದೆ. "ವಾಟ್, ಅಪ್ಪ?" ಎಂದಳು, ತುಸು ಸಿಡುಕಿನಿಂದ. ಅಷ್ಟು ಇಂಪಾದ ಸಿಡುಕು ನಾನು ಕೇಳಿಲ್ಲ.

ಬತ್ತಿ ತೆಗೆಸಲು ಹೋದಾಗ ಡಾಕ್ಟರು ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಸಿದೆ. ನಿಮ್ಮದೇ ಮದ್ದು, ದಿನಕ್ಕೆ ಮೂರು ಸಲ, ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಬಿಟ್ಟಿದ್ದೇನೆ ಎಂದೆ. ಬೆಳಿಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿದ್ದನ್ನೂ ಸೇರಿಸಿದೆ.

ಅವರು ಅದನ್ನೂ ಬರೆದುಕೊಂಡರು.