ನಡುಮಧ್ಯಾಹ್ನ ನೀರಿಗೆ ಬಿಟ್ಟ ಮೀನು

ನನಗೆ ಗೊತ್ತಿತ್ತು. ಆ ಮೀನುಗಳು ಬದುಕುವುದಿಲ್ಲ ಅಂತ ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ. ನನ್ನ ಮೊಮ್ಮಗಳು ಎರಡೂ ಕೈಯಲ್ಲಿ ಹಿಡಿದು, ತಲೆಗೊಂದು ಮುತ್ತು ಕೊಟ್ಟು, ಬೈ ಬೈ ಹೇಳಿ ನೀರಿಗೆ ಬಿಡುತ್ತಿದ್ದ ಮೀನುಗಳು ಸಾಯುತ್ತವೆ ಅಂತ ತಿಳಿದೂ, ಒಂದು ಇಡೀ ಬೇಸಿಗೆ ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತೆ. ಇದು ಮೊದಲನೇ ತಪ್ಪು. ಎರಡನೆಯದು ಇನ್ನೂ ದೊಡ್ಡದು. ಅದನ್ನೂ ಹೇಳುತ್ತೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ನಾನು ಮೀನುಗಾರರ ಮನೆಯಲ್ಲಿ ಹುಟ್ಟಿದ್ದೇ ತಪ್ಪು ಅಂತ ಯಾರಾದರೂ ತಿದ್ದಲು ಬಂದರೆ — ಬನ್ನಿ, ಕೂತು ಮಾತಾಡೋಣ. ಆ ಒಂದು ವಿಷಯಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಕೇಳಬೇಕಾದದ್ದು ಬೇರೆ ಇದೆ, ಕೇಳಬೇಕಾದವಳೂ ಬೇರೆ ಇದ್ದಾಳೆ.

ಅವಳ ಹೆಸರು ಅನು. ನನ್ನ ಮಗ ಮಹೇಶನ ಮಗಳು, ಈಗ ಹನ್ನೆರಡು ತುಂಬಿತು. ಇಲ್ಲೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದವಳು. ನಾನು ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳ ಮಾತನ್ನು ನಾನು ನನ್ನ ಕನ್ನಡಕ್ಕೆ ಹಾಕಿಕೊಂಡು ಬರೆಯುತ್ತಿದ್ದೇನೆ. ಮಹೇಶ ವೆಲ್ಷ್‌ಪೂಲ್‌ನಲ್ಲಿ ಇಂಜಿನಿಯರು, ಸೊಸೆ ಶೈಲಾ ಡಾಕ್ಟರು. ಮನೆ ಬೆಂಟ್ಲಿ ಹತ್ತಿರ. ನನ್ನ ಯಜಮಾನರು ಹೋದ ಮೇಲೆ ನಾನೂ ಬಂದು ಇವರ ಜೊತೆ ಸೇರಿಕೊಂಡೆ.

ಮಹೇಶನಿಗೆ ಮೀನು ಹಿಡಿಯುವ ಹುಚ್ಚು ಹತ್ತಿಸಿದ್ದು ಅವನ ಜೊತೆ ಕೆಲಸ ಮಾಡುವ ಒಬ್ಬ ಬಿಳಿಯ. ಪರ್ತ್‌ನಿಂದ ದಕ್ಷಿಣಕ್ಕೆ ಎರಡು ಗಂಟೆ ದಾರಿ ಹೋದರೆ ಒಂದು ಅಣೆಕಟ್ಟಿನ ಕೆರೆ ಇದೆ, ಅಲ್ಲಿ ಟ್ರೌಟ್ ಅನ್ನುವ ಮೀನು ಬಿಟ್ಟಿರುತ್ತಾರೆ. ಆದರೆ ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಶೈಲಾ ಮೊದಲು ಒಪ್ಪಲೇ ಇಲ್ಲ. ಆಮೇಲೆ ಒಂದು ಕಾನೂನು ಮಾಡಿದಳು: ಹಿಡಿಯಬೇಕು, ಫೋಟೋ ತೆಗೆಯಬೇಕು, ಬಿಡಬೇಕು. ಒಂದು ಜೀವಕ್ಕೂ ಅಪಾಯ ಆಗಬಾರದು. ಅಡಿಲೇಡ್‌ನಲ್ಲಿರುವ ಅವಳ ತಾಯಿ, ನಮ್ಮ ಬೀಗಿತ್ತಿ, ಫೋನಿನಲ್ಲೇ ತೀರ್ಪು ಕೊಟ್ಟರು: "ಹಿಡಿದ ಪಾಪ ಬಿಟ್ಟ ಪುಣ್ಯಕ್ಕೆ ಸರಿಹೋಗತ್ತೆ ಬಿಡೆ." ಅಲ್ಲಿಗೆ ಮುಗಿಯಿತು. ಅನು ಒಂದೊಂದು ಮೀನು ಬಿಟ್ಟಾಗಲೂ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ನಾನೂ ತಟ್ಟುತ್ತಿದ್ದೆ.

ಈಗ ಕೇಳಿ. ಟ್ರೌಟು ತಣ್ಣೀರಿನ ಮೀನು. ಆ ಹೆಸರು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದು, ಆದರೆ ಮೀನನ್ನು ನೋಡಿದರೆ ಸಾಕು — ಆ ನುಣುಪು ಮೈ, ಆ ಸಣ್ಣ ಪೊರೆ, ಕಿವಿರು ಬಡಿಯುವ ರಭಸ — ಇದು ಬಿಸಿಲು ತಡೆಯುವ ಜಾತಿಯಲ್ಲ ಅಂತ ಕೈಗೇ ತಿಳಿಯುತ್ತದೆ. ಜನವರಿ ತಿಂಗಳು, ಇಲ್ಲಿಯ ಸುಡುಬೇಸಿಗೆ. ನಮ್ಮವರು ಭಾನುವಾರ ಇಡ್ಲಿ ತಿಂದು, ಸ್ನಾನ ಮಾಡಿ, ಸನ್‌ಸ್ಕ್ರೀನ್ ಬಳಿದುಕೊಂಡು, ಚಿತ್ರಾನ್ನ ಕಟ್ಟಿಕೊಂಡು ಹೊರಡುವಾಗಲೇ ಹತ್ತು ಗಂಟೆ. ಅಲ್ಲಿ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲೆ. ಮೇಲಿನ ನೀರು ಸ್ನಾನಕ್ಕೆ ಹದ ಮಾಡಿಟ್ಟ ಹಾಗೆ ಬೆಚ್ಚಗೆ. ಆ ಹೊತ್ತಿನಲ್ಲಿ ಮೀನು ಮೇಲೆ ಇರುವುದೇ ಇಲ್ಲ, ಆಳಕ್ಕೆ ಇಳಿದಿರುತ್ತದೆ. ಮಹೇಶ ಭಾರದ ಸೀಸ ಕಟ್ಟಿ ಆಳಕ್ಕೆ ಬಿಟ್ಟು ಅದನ್ನು ಎಬ್ಬಿಸುತ್ತಿದ್ದ. ಅದು ತಣ್ಣೀರಿನಿಂದ ಬಿಸಿನೀರಿಗೆ ಎಳೆಸಿಕೊಂಡು, ಒದ್ದಾಡಿ, ದಮ್ಮು ಕಳಕೊಂಡು ದಡಕ್ಕೆ ಬರುತ್ತಿತ್ತು. ಆಮೇಲೆ ಒಣಗಿದ ಕೈಯಲ್ಲಿ ಹಿಡಿ, ಫೋಟೋಗೆ ತಿರುಗಿಸು, "ಅನು, ಈ ಕಡೆ ನೋಡು, ಇನ್ನೊಂದು" — ಆಮೇಲೆ ಮತ್ತೆ ಆ ಬಿಸಿನೀರಿಗೇ.

ಬಿಟ್ಟ ಕೂಡಲೇ ಈಜಿಕೊಂಡು ಹೋಗುತ್ತದೆ, ನಿಜ. ನೋಡುವವರಿಗೆ ಬದುಕಿತು ಅನ್ನಿಸುತ್ತದೆ. ಅದು ಸಾಯುವುದು ಆಮೇಲೆ, ಕಣ್ಣಿಗೆ ಕಾಣದ ಕಡೆ.

ನನಗೆ ಇದೆಲ್ಲ ಹೇಗೆ ಗೊತ್ತು? ಅಲ್ಲೇ ಇರುವುದು ಎಲ್ಲ.

ನಾನು ಕಾವೇರಿ ಹಿನ್ನೀರಿನಲ್ಲಿ ಹರಿಗೋಲು ಹಾಕುತ್ತಿದ್ದ ಬೆಸ್ತರ ಮಗಳು. ಹೆಸರು ಕೆಂಪಮ್ಮ. ಏಳು ವರ್ಷಕ್ಕೇ ಬಲೆಯ ಗಂಟು ಹಾಕುತ್ತಿದ್ದೆ. ಅಪ್ಪ ಚೊಂಬಿನ ಬಾಯಿಗೆ ಬೆಂಡು ಬಿಗಿದು, ಕಲ್ಲು ಕಟ್ಟಿ, ಹಗ್ಗದಲ್ಲಿ ಆಳಕ್ಕೆ ಇಳಿಸುತ್ತಿದ್ದ. ಕೆಳಗೆ ಮುಟ್ಟಿದ ಮೇಲೆ ಬೆಂಡಿನ ದಾರ ಎಳೆದರೆ ಅಲ್ಲಿಯ ನೀರು ತುಂಬಿಕೊಳ್ಳುತ್ತದೆ. ಮೇಲೆ ತಂದು ನನ್ನ ಕೆನ್ನೆಗೆ ಸುರಿಯುತ್ತಿದ್ದ. "ಮೇಲಿನ ನೀರು ಸೂರ್ಯಂದು, ಕೆಳಗಿನ ನೀರು ಮೀನಿಂದು ಕಣವ್ವ" ಅನ್ನುತ್ತಿದ್ದ. ಬೇಸಿಗೆಯಲ್ಲಿ ಬಲೆಗೆ ಬಿದ್ದ ಮರಿಮೀನನ್ನು ಬಿಡುವುದಾದರೆ ಕತ್ತಲೆ ಹರಿಯುವ ಮುಂಚೆ ಬಿಡಬೇಕು, ಕೈ ಒದ್ದೆ ಮಾಡಿಕೊಂಡು ಬಿಡಬೇಕು. ಹೊತ್ತು ಏರಿದ ಮೇಲೆ ಬಿಟ್ಟರೆ ಅದು ಬಿಟ್ಟ ಹಾಗಲ್ಲ, ಬಿಸಾಡಿದ ಹಾಗೆ.

ಒಂದು ಸಲ ಅಪ್ಪನ ಅಂಗೈಗೆ ಗಾಳ ಹೊಕ್ಕಿತು. ಡಿಸ್ಪೆನ್ಸರಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಕಾಂಪೌಂಡರೇ ಮುಂದೆ ನನ್ನ ಯಜಮಾನರಾದರು. ಇಷ್ಟಪಟ್ಟು ಮದುವೆಯಾದೆವು. ಅವರದು ಈರುಳ್ಳಿ ಹೆಚ್ಚುವುದಕ್ಕೂ ವಾರ ನೋಡುವ ಮನೆ. ಅತ್ತೆ ನನ್ನನ್ನು ಒಳಗೆ ಕರೆದುಕೊಂಡರು, ಹೆಸರು ಶಾರದಾ ಅಂತ ಬದಲಾಯಿಸಿದರು, ಒಂದೇ ಮಾತು ಹೇಳಿದರು: "ನಿನ್ನ ಹೊಟ್ಟೆಯಲ್ಲಿ ಹುಟ್ಟೋ ಮಕ್ಕಳಿಗೂ ಇದು ಗೊತ್ತಾಗಬಾರದು." ನಾನು ಹೂಂ ಅಂದೆ. ಅಪ್ಪ-ಅಮ್ಮ ಇಲ್ಲದ ಹುಡುಗಿ ಅಂತ ಎಲ್ಲರಿಗೂ ಹೇಳಿದೆ — ಅಪ್ಪ ಬದುಕಿದ್ದ, ಹತ್ತು ಮೈಲಿ ಆಚೆ ಹರಿಗೋಲು ಹಾಕುತ್ತಿದ್ದ. ಅದರ ಲೆಕ್ಕ ನನಗೂ ಅವನಿಗೂ ಮೇಲಿನ ಲೋಕದಲ್ಲಿ ಇದೆ. ಅದನ್ನು ಇಲ್ಲಿ ತೀರಿಸಲು ಆಗುವುದಿಲ್ಲ.

ಅದಕ್ಕೇ ಕೆರೆ ದಡದಲ್ಲಿ ಬಾಯಿ ಬಿಡಲಿಲ್ಲ. ಒಂದು ಮಾತು ಆಡಿದರೆ "ನಿಮಗೆ ಹೇಗಮ್ಮ ಗೊತ್ತು?" ಅಂತ ಶೈಲಾ ಕೇಳುತ್ತಾಳೆ. ಡಾಕ್ಟರ ಪ್ರಶ್ನೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದು ಭಾನುವಾರ ಚಿತ್ರಾನ್ನ ತಿಂದು, ಅನು ಕಲ್ಲು ಎಸೆಯುತ್ತಾ ಜೊಂಡಿನ ಆಚೆ ಹೋದಳು. ಕೂಗಿದಳು. ನಾನೇ ಮೊದಲು ಓಡಿದ್ದು. ಅವಳು ಅವತ್ತು ಬಿಟ್ಟಿದ್ದ ಮೂರು ಮೀನೂ ಅಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಒಂದರ ಪಕ್ಕೆಯ ಮೇಲೆ ಅವಳ ಬೆರಳಿನ ಗುರುತು — ಲೋಳೆ ಕಿತ್ತುಹೋದ ಜಾಗ — ನಾಲ್ಕು ಪುಟ್ಟ ಬೆರಳು.

"ಅಜ್ಜಿ, ನಾನು ಕೊಂದೆನಾ?"

ಈಗ ಬರುತ್ತದೆ ಎರಡನೇ ತಪ್ಪು. ನಾನು ಹೇಳಿದೆ: "ಅದರ ಆಯಸ್ಸು ಅಷ್ಟೇ ಇತ್ತು ಪುಟ್ಟ. ಮೀನಿನ ವಿಷಯ ನನಗೇನು ಗೊತ್ತು?"

ಮೀನಿನ ವಿಷಯ ನನಗೇನು ಗೊತ್ತು! — ಈ ನಾಲಿಗೆಯೇ ಆಡಿದ್ದು.

ಕಾರಣ ಯಾರೂ ಹೇಳದಿದ್ದರೆ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಅನು ತನ್ನ ಕೈಯೇ ಕೆಟ್ಟದ್ದು ಅಂತ ತೀರ್ಮಾನ ಮಾಡಿಕೊಂಡಳು. ನಮಗೆ ಹೇಳಲಿಲ್ಲ. ಗಾಳದ ಕಡ್ಡಿ ಗ್ಯಾರೇಜು ಸೇರಿತು. ಅಮ್ಮ ಬೈದರೂ ಗಿಡಕ್ಕೆ ನೀರು ಹಾಕುವುದು ಬಿಟ್ಟಳು. ಸ್ಕೂಲಿನಲ್ಲಿ ಸಾಕಿದ ಮೊಲ ಎತ್ತಿಕೊಳ್ಳಲು ಒಲ್ಲೆ ಅಂದಳಂತೆ. ಮಹೇಶ ನಕ್ಕ, "ವಯಸ್ಸಮ್ಮ, ಫೋನ್ ಬಿಟ್ಟು ಬೇರೇನೂ ಬೇಡ." ನನಗೆ ಎಲ್ಲೋ ಒಳಗೆ ಚುಚ್ಚುತ್ತಿತ್ತು, ಆದರೂ — ಚುಚ್ಚಿದ್ದನ್ನು ಅದುಮಿಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಮುಂದಿನ ಕ್ರಿಸ್‌ಮಸ್ ರಜೆಗೆ ಎಲ್ಲರೂ ಬ್ರಿಸ್ಬೇನ್‌ಗೆ ಹೋದೆವು. ನನ್ನ ಮಗಳು ವೀಣಾ ಅಲ್ಲಿಯ ಇಂಡೂರೂಪಿಲ್ಲಿಯಲ್ಲಿದ್ದಾಳೆ, ಹೆತ್ತು ಎರಡು ತಿಂಗಳಾಗಿತ್ತು. ವೀಣಾ ಕೂಸನ್ನು ಅನುವಿನ ಮಡಿಲಿಗೆ ಕೊಡಲು ಬಂದಳು. ಅನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಯಾಕೇ, ನಿನ್ನ ತಮ್ಮ ಕಚ್ಚಲ್ಲ ಕಣೇ!" ವೀಣಾ ರೇಗಿಸಿದಳು.

ಅನು ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದಳು: "ನನ್ನ ಕೈಗೆ ಬಂದು ಸತ್ತುಹೋದರೆ?"

ಅತ್ತೆಗೆ ಕೊಟ್ಟ ಮಾತು, ಯಜಮಾನರ ಮರ್ಯಾದೆ, ಬೀಗರ ಮುಖ — ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರೂ ಆ ಎರಡು ಪುಟ್ಟ ಕೈಯ ತೂಕಕ್ಕೆ ಸಾಲಲಿಲ್ಲ. ಅಲ್ಲೇ, ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಿದೆ. ಮೀನು ಸತ್ತಿದ್ದು ನಿನ್ನ ಕೈಯಿಂದಲ್ಲ, ಬಿಸಿನೀರಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ನಾನು ಬೆಸ್ತರ ಕೆಂಪಮ್ಮ. ನಿನಗೆ ಸುಳ್ಳು ಹೇಳಿದೆ, ಕ್ಷಮಿಸು.

ಮಹೇಶ ಟೀವಿ ಆರಿಸಿದ. ವೀಣಾ ಮಾತ್ರ, "ಅಮ್ಮ, ಇಷ್ಟು ವರ್ಷ ಮುಚ್ಚಿಟ್ಟು ಈಗ ಯಾಕೆ ಹೇಳ್ಬೇಕಿತ್ತು? ನಮ್ಮತ್ತೆ ಮನೆಯವರು ಏನಂದ್ಕೋತಾರೆ?" ಅಂದಳು.

"ಏನು ಬೇಕಾದ್ರೂ ಅಂದ್ಕೊಳ್ಳಲಿ," ಅಂದೆ. "ನಿನ್ನ ಮೈಯಲ್ಲಿರೋ ಅರ್ಧ ರಕ್ತ ಮೀನು ತಿಂದೇ ಗಟ್ಟಿಯಾಗಿದ್ದು. ಬೇಡದಿದ್ರೆ ವಾಪಸ್ ಕೊಡು."

ಅಡಿಲೇಡ್‌ನಿಂದ ಬೀಗಿತ್ತಿ ಫೋನು: "ನಮಗೆ ಮೊದಲೇ ಒಂದು ಮಾತು ಹೇಳಬಹುದಿತ್ತು." ಹೇಳಬಹುದಿತ್ತು, ಹೇಳಿದ್ದರೆ ನೀವು ಹೆಣ್ಣು ಕೊಡುತ್ತಿರಲಿಲ್ಲ ಅಂದೆ. ನಾನೇನೂ ಸಪ್ಪಗಾಗಲಿಲ್ಲ ಕಣ್ರೀ. ನಿಜ ಹೇಳುತ್ತೇನೆ, ಎದೆ ಹಗುರಾಗಿ, ಆ ಮಧ್ಯಾಹ್ನ ಎರಡು ತಟ್ಟೆ ಅನ್ನ ಉಂಡೆ.

ಆದರೆ ಅನು. ಅವಳು ನನ್ನನ್ನೇ ನೋಡುತ್ತಿದ್ದಳು. "ಒಂದು ವರ್ಷ," ಅಂದಳು. "ಒಂದು ಇಡೀ ವರ್ಷ ನಿಮಗೆ ಗೊತ್ತಿತ್ತು." ಎದ್ದು ರೂಮಿಗೆ ಹೋದಳು. ವಾಪಸ್ ಬರುವ ವಿಮಾನದಲ್ಲೂ ಕಿಟಕಿ ಕಡೆಯೇ ಮುಖ.

ಪರ್ತ್‌ಗೆ ಬಂದು ಒಂದು ವಾರವಾಗಿತ್ತು. ನಾನು ಹುಳಿಗೆ ಬೇಳೆ ಹಾಕುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, ಯಾವತ್ತೂ ಆಡದ ಕನ್ನಡದಲ್ಲಿ, "ತೋರಿಸಿ" ಅಂದಳು. ಅಷ್ಟೇ.

ತೋರಿಸಿದೆ. ಮಹೇಶ ಕಾರು ಓಡಿಸಿದ, ಶೈಲಾನೂ ಬಂದಳು. ಮನೆ ಬಿಡುವಾಗ ರಾತ್ರಿ ಎರಡೂವರೆ, ಕೆರೆ ಮುಟ್ಟುವಾಗ ಪೂರ್ವದಲ್ಲಿ ಬರೀ ಒಂದು ಗೆರೆ ಬೆಳಕು. ತೊರೆ ಬಂದು ಸೇರುವ ಮೂಲೆಗೆ ಕರೆದುಕೊಂಡು ಹೋದೆ, ಅಲ್ಲಿ ಮರದ ನೆರಳು ಹಗಲಿಡೀ ಇರುತ್ತದೆ. ಕಾಲು ಇಳಿಬಿಟ್ಟೆ, ಪಾದ ಜುಮ್ಮೆಂದಿತು. ಇಲ್ಲೇ ಅಂದೆ. ರಾತ್ರಿಯ ತಂಪಿಗೆ ಮೀನು ತಿನ್ನಲು ದಡದ ಹತ್ತಿರ ಬಂದಿರುತ್ತದೆ, ನಾವೇ ಆಳಕ್ಕೆ ಹೋಗಿ ಅದನ್ನು ಎಬ್ಬಿಸಬೇಕಿಲ್ಲ. ಮಿನುಗುವ ಸಣ್ಣ ತಗಡು ಕಟ್ಟಿ ನಿಧಾನ ಎಳೆ. ಸಿಕ್ಕರೆ ಆಟ ಆಡಿಸಬೇಡ, ಬೇಗ ತಾ. ಕೈ ಒದ್ದೆ ಮಾಡಿಕೋ. ನೀರಿನಿಂದ ಎತ್ತಬೇಡ. ಫೋಟೋ ಬೇಕಾದರೆ ನೀರಿನಲ್ಲೇ ತೆಗಿ. ಬಿಸಿಲು ನೀರಿಗೆ ಮುಟ್ಟಿತೋ, ಗಾಳ ಸುತ್ತು, ಮನೆಗೆ ನಡಿ.

ಮೊದಲನೆಯದು ಸಿಕ್ಕಿತು. ನೀರೊಳಗೇ ಗಾಳ ಬಿಡಿಸಿದಳು. ಮೀನು ಅವಳ ಅಂಗೈ ಮೇಲೆ ಸುಮ್ಮನೆ ನಿಂತು ಎರಡು ಸಲ ಕಿವಿರು ಬಡಿದು — ಬಾಲ ಒದ್ದು ಹೋಯಿತು! ಅವಳ ಮುಖಕ್ಕೆ ನೀರು ಎರಚಿ ಹೋಯಿತು! ಅವಳು ನಕ್ಕಳು. ಹನ್ನೆರಡು ತಿಂಗಳ ಮೇಲೆ ಆ ನಗು. ನಾನು ಸೀರೆ ಸಮೇತ ಮೊಣಕಾಲುದ್ದ ನೀರಿನಲ್ಲಿ ನಿಂತು ಹುಚ್ಚಿಯ ಹಾಗೆ ಕೂಗಿದೆ, ಆ ಕಡೆ ದಡದಲ್ಲಿದ್ದ ಮುದುಕನೊಬ್ಬ ಟೋಪಿ ಎತ್ತಿದ.

ಎರಡನೆಯದು ಗಾಳವನ್ನು ಗಂಟಲಿಗೆ ನುಂಗಿತ್ತು, ಕಿವಿರಿನಲ್ಲಿ ರಕ್ತ. ಬಿಡಲೇ ಅಂದಳು. ಬೇಡ, ಇದು ಬದುಕುವುದಿಲ್ಲ, ಬಿಟ್ಟರೆ ಅದೂ ಒಂದು ಸುಳ್ಳು ಅಂದೆ. ಒಂದೇ ಪೆಟ್ಟಿಗೆ ಮುಗಿಸಿದೆ. ಉಜ್ಜಿ, ಸೀಳಿ, ತೊಳೆದೆ — ಕೈ ಒಂದನ್ನೂ ಮರೆತಿರಲಿಲ್ಲ. ಪಾರ್ಕಿನ ಬಾರ್ಬಿಕ್ಯೂ ಒಲೆಯ ಮೇಲೆ ಉಪ್ಪು, ಖಾರ ಹಚ್ಚಿ ಸುಟ್ಟು, ನನ್ನ ಮಗ-ಸೊಸೆಯ ಎದುರಿಗೇ ತಿಂದೆ. ಮದುವೆಯಾದ ಮೇಲೆ ಮೊದಲ ತುತ್ತು. ಅನು ತಿನ್ನಲಿಲ್ಲ, ನಾನು ಬಲವಂತ ಮಾಡಲಿಲ್ಲ. ಶೈಲಾ ಮುಳ್ಳು ಹಾಕಲು ಒಂದು ಕಾಗದದ ತಟ್ಟೆ ನನ್ನ ಮುಂದೆ ಇಟ್ಟಳು. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನಗೆ ಬೇಕಿಲ್ಲ.

ಹೋದ ತಿಂಗಳು ವೀಣಾ ಕೂಸಿನ ಜೊತೆ ಬಂದಿದ್ದಳು. ಏರ್‌ಪೋರ್ಟಿನಲ್ಲಿ ಯಾರೂ ಕೇಳುವ ಮುಂಚೆಯೇ ಅನು ಕೈ ಚಾಚಿ ಅವನನ್ನು ಎತ್ತಿಕೊಂಡಳು, ಕಾರು ಹತ್ತುವವರೆಗೂ ಇಳಿಸಲಿಲ್ಲ. ನನ್ನ ಕಣ್ಣು ತುಂಬಿ ಟ್ರಾಲಿ ಎಲ್ಲಿ ತಳ್ಳುತ್ತಿದ್ದೇನೆ ಅಂತ ಕಾಣಲಿಲ್ಲ.

ಎಲ್ಲ ಸರಿಹೋಯಿತು ಅಂತ ಬರೆದು ಮುಗಿಸಬಹುದು. ಮುಗಿಸಲಾರೆ. ಏಕೆಂದರೆ ಈಗ ನಾನು ಏನು ಹೇಳಿದರೂ — ನಾಳೆ ಮಳೆ ಬರುತ್ತದೆ ಅಂದರೂ, ಹೊಟ್ಟೆನೋವಿಗೆ ಓಮಿನ ನೀರು ಕುಡಿ ಅಂದರೂ — ಅನು ಒಂದು ಗಳಿಗೆ ನನ್ನ ಮುಖ ನೋಡುತ್ತಾಳೆ. "ನಿಜಾನಾ ಅಜ್ಜಿ?" ಅಂತ ಕೇಳುತ್ತಾಳೆ. ಮುಂಚೆ ಹೀಗೆ ಕೇಳುತ್ತಿರಲಿಲ್ಲ. ಇದು ನಾನು ಮಾಡಿದ್ದು, ಇದನ್ನು ತೊಳೆಯುವ ನೀರು ಯಾವ ಕೆರೆಯಲ್ಲೂ ಇಲ್ಲ. ಕ್ಷಮಿಸು ಅಂತ ಇನ್ನೊಂದು ಸಲ ಅವಳನ್ನು ಕಾಡುವುದಿಲ್ಲ. ಅವಳು ಕೇಳಲಿ. ಎಷ್ಟು ಸಲ ಬೇಕಾದರೂ ಕೇಳಲಿ. ನಿಜ ಇದ್ದರೆ ನಿಜ ಅನ್ನುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ — ಅವಳು ಕೇಳುವುದನ್ನು ಮರೆಯುವವರೆಗೂ.