ಮುಂಗಡ ವಂದನೆ

ನಮ್ಮ ಸಂಘದ ಸೆಕ್ರೆಟರಿಗಳ ಎಡ ಮೊಣಕೈ ಮೇಲೆ ವರ್ಷವಿಡೀ ಒಂದು ಗಾಯ ಮಾಯುತ್ತಲೇ ಇರುತ್ತಿತ್ತು. ಒಂದರ ಹಕ್ಕಳೆ ಉದುರುವುದರೊಳಗೆ ಇನ್ನೊಂದು ಹಾಜರು. ಕಾರಣ ಇಷ್ಟೆ: ಒಂದೇ ಕೈಯಲ್ಲಿ ನಮಸ್ಕಾರ ಮಾಡುವುದು ಎದುರಿಗಿದ್ದವರಿಗೆ ಮಾಡುವ ಅವಮಾನ ಎಂದು ಅವರು ನಂಬಿದ್ದರು. ಸೈಕಲ್ ಮೇಲೆ ಹೋಗುವಾಗ ಗುರುತಿನವರು ಕಂಡರೆ ಸಾಕು, ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸಿಬಿಡುವರು. ಸೈಕಲ್ಲಿಗೆ ಅಷ್ಟು ಸಂಸ್ಕಾರ ಎಲ್ಲಿಂದ ಬರಬೇಕು? ಅದು ಸೀದಾ ಚರಂಡಿಗೆ. ಚಿಕ್ಕಪೇಟೆಯ ಚರಂಡಿಗಳ ಆಳ ಮುನಿಸಿಪಾಲಿಟಿಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಬಿದ್ದಲ್ಲಿಂದಲೇ ಮತ್ತೆ ಕೈ ಮುಗಿದು, "ಎತ್ತಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸ್ವಾಮಿ" ಅನ್ನುವರು. ಅಷ್ಟೊತ್ತಿಗೆ ಯಾರೂ ಎತ್ತಿರುತ್ತಿರಲಿಲ್ಲ. ಅಂದಮೇಲೆ ಎತ್ತದೆ ಇರುವುದು ಹೇಗೆ?

ಇದೊಂದೇ ವಿದ್ಯೆಯಿಂದ ಅವರು ಒಂದು ಕಲಾ ಸಂಘವನ್ನು ನಡೆಸಿದರು ಅಂದರೆ ಈಗಿನವರು ನಂಬಲಿಕ್ಕಿಲ್ಲ. ಹೊಟ್ಟೆಪಾಡಿಗೆ ಬಾಡಿಗೆ ಸೈಕಲ್ ಷಾಪ್ ಇಟ್ಟಿದ್ದರು, ಆದ್ದರಿಂದ ಬೀಳುವುದಕ್ಕೆ ಸೈಕಲ್ಲಿನ ಬರ ಇರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ "ಮುಂದಿನ ಯೋಜನೇಲಿದೆ" ಅನ್ನುವರು. ಐವತ್ತರ ದಶಕದ ಆ ತುಮಕೂರಿನಲ್ಲಿ ನಮ್ಮ ಸಂಘಕ್ಕೆ ಕಟ್ಟಡ ಇರಲಿಲ್ಲ, ಬೋರ್ಡ್ ಇತ್ತು. ಅದು ಸೈಕಲ್ ಷಾಪಿನ ಬಾಗಿಲ ಮೇಲೆ, ಗಾಳಿ ಹಾಕುವ ಪಂಪಿನ ನೆತ್ತಿಗೆ ಸರಿಯಾಗಿ ನೇತಾಡುತ್ತಿತ್ತು. ಶನಿವಾರ ಹೆಣ್ಣುಮಕ್ಕಳಿಗೆ ಸಂಗೀತದ ಪಾಠ, ನಾಡಹಬ್ಬಕ್ಕೆ ಹರಿಕಥೆ, ಬೇಸಿಗೆಯಲ್ಲಿ ಒಂದು ನಾಟಕ. ಆ ನಾಟಕವನ್ನು ತುಮಕೂರಿನಲ್ಲಿ ಆಡಿ, ಗುಬ್ಬಿಗೆ ಒಯ್ದು, ಕುಣಿಗಲ್ಲಿನಲ್ಲಿ ಮುಗಿಸುವುದು. "ನಮ್ಮದು ಲಾಭದ ಉದ್ದೇಶ ಇಲ್ಲದ ಸಂಸ್ಥೆ" ಎಂದು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು. ನಷ್ಟದ ಉದ್ದೇಶವೂ ಇರಲಿಲ್ಲ ಪಾಪ, ಅದು ತಾನಾಗೇ ಬರುತ್ತಿತ್ತು.

ಹಾಗಾದರೆ ಲಾರಿ ಯಾರು ಕೊಟ್ಟರು, ಉಪ್ಪಿಟ್ಟು ಯಾರು ಕೊಟ್ಟರು? ಅಲ್ಲೇ ಇರುವುದು ಗುಟ್ಟು. ಸೆಕ್ರೆಟರಿಗಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ವೇದಿಕೆ ಹತ್ತಿ ಮೈಕಿನಲ್ಲಿ ವಂದಿಸಿಬಿಡುತ್ತಿದ್ದರು. "ಮುಂದಿನ ತಿಂಗಳು ನಮ್ಮ ತಂಡಕ್ಕೆ ತಮ್ಮ ಲಾರಿಯನ್ನು ಉದಾರವಾಗಿ ನೀಡಲಿರುವ ಅಕ್ಕಿ ಗಿರಣಿ ಮಾಲೀಕರಿಗೆ ಅನಂತ ವಂದನೆಗಳು!" ಜನ ಚಪ್ಪಾಳೆ ಹೊಡೆಯುತ್ತಿದ್ದರು. ಗಿರಣಿ ಮಾಲೀಕರಿಗೆ ತಮ್ಮ ಔದಾರ್ಯದ ಸುದ್ದಿ ಮೊದಲು ತಿಳಿಯುತ್ತಿದ್ದದ್ದೇ ಆ ಚಪ್ಪಾಳೆಯಿಂದ. ಒಂದು ಸಲ ನಾನು ಇದೇನು ನ್ಯಾಯ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬೇಡೋನಿಗೆ ಇಲ್ಲ ಅನ್ಬೋದು ಕಣಮ್ಮ. ವಂದಿಸೋನಿಗೆ ಇಲ್ಲ ಅನ್ನೋಕಾಗಲ್ಲ."

ಊರವರೇನು ಕಡಿಮೆಯೇ? ವಂದನಾರ್ಪಣೆ ಅಂದ ಕೂಡಲೇ ಎದ್ದು ಓಡಲು ಕಲಿತರು. ಅದಕ್ಕೆ ಸೆಕ್ರೆಟರಿಗಳು ವಂದನಾರ್ಪಣೆಯನ್ನೇ ಎತ್ತಿ ಕೊನೆಯ ಅಂಕಕ್ಕೆ ಮುಂಚೆ ಇಟ್ಟರು. ರಾಜನಿಗೆ ವಿಷ ಹಾಕಿ ಆಗಿದೆ, ರಾಜ ಒದ್ದಾಡುತ್ತಿದ್ದಾನೆ, ಅಷ್ಟರಲ್ಲಿ ಪರದೆ ಬಿತ್ತು. ಪರದೆಯ ಮುಂದೆ ಸೆಕ್ರೆಟರಿಗಳು, ಕೈ ಮುಗಿದುಕೊಂಡು: "ಮಹಾರಾಜರು ಸಾಯೋದಕ್ಕೆ ಮುಂಚೆ ಎರಡು ಮಾತು." ಆಮೇಲೆ ವಂದನೆಗಳು, ಮುಂದಿನ ಯೋಜನೆಗಳು. ಕ್ಯಾತ್ಸಂದ್ರದ ಕಡೆ ಸ್ವಂತ ರಂಗಮಂದಿರ, ಅದರಲ್ಲಿ ತಿರುಗುವ ರಂಗಸ್ಥಳ, ನಾಟಕದ ಶಾಲೆ, ಹಳ್ಳಿಹಳ್ಳಿಗೆ ಹೋಗುವ ಲಾರಿ ಥಿಯೇಟರು. ರಾಜ ಸತ್ತನೋ ಬದುಕಿದನೋ ತಿಳಿಯದೆ ಯಾರು ತಾನೇ ಎದ್ದು ಹೋಗುತ್ತಾರೆ? ಹಳ್ಳಿಯವರು ಎಷ್ಟೋ ಜನ ಅವರನ್ನು ನಾಟಕದಲ್ಲೇ ಬರುವ ಮಂತ್ರಿ ಅಂದುಕೊಂಡಿದ್ದರು. ಒಂದು ವರ್ಷ ಜ್ವರ ಬಂದು ಅವರು ಬರದೆ ಹೋದಾಗ, "ಆ ಯೋಜ್ನೆ ಹೇಳೋ ಪಾತ್ರ ಯಾಕ್ ತೆಗೆದ್ರಿ? ಅದೇ ಚೆನ್ನಾಗಿತ್ತು" ಎಂದು ಜಗಳಕ್ಕೇ ಬಂದಿದ್ದರು.

ನಾನು ಆಗ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಹೊಸದಾಗಿ ಮೇಡಮ್ಮು. ಸಂಘದ ನಾಟಕಕ್ಕೆ ಮುಂಚೆ ಪ್ರಾರ್ಥನೆ ಹಾಡುವುದಷ್ಟೇ ನನ್ನ ಪಾಲು. ಹಾಡಿ ಇಳಿದು ಅಪ್ಪನ ಪಕ್ಕ ಕೂರಬೇಕು. ನಮ್ಮಪ್ಪ ಕೋರ್ಟಿನಲ್ಲಿ ಶಿರಸ್ತೇದಾರರು, ನಗುವುದಕ್ಕೂ ಸ್ಟಾಂಪ್ ಪೇಪರ್ ಕೇಳುವಂಥ ಮನುಷ್ಯ. ರಾಣಿಯ ಪಾತ್ರ ಮಾಡುತ್ತಿದ್ದವರು ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರು. ಮೀಸೆ ಚಿಗುರುವ ವಯಸ್ಸಿನಿಂದ ಸಂಘಕ್ಕೆ ಅವರೇ ರಾಣಿ, ಊರೆಲ್ಲ ಅವರನ್ನು ರಾಣಿ ಗುಮಾಸ್ತರು ಅಂತಲೇ ಕರೆಯುತ್ತಿತ್ತು. ನಾನು ಪ್ರತಿ ಸಲವೂ ಅಪ್ಪನ ಪಕ್ಕ ಕೂತು ರಾಣಿಯ ಮಾತುಗಳನ್ನು ತುಟಿ ಅಲ್ಲಾಡಿಸದೆ ಹೇಳಿಕೊಳ್ಳುತ್ತಿದ್ದೆ. ನನಗೆ ಅಷ್ಟು ಆಸೆ ಇತ್ತು.

ಆ ವರ್ಷ ಗುಬ್ಬಿಯಲ್ಲಿ ಯಡವಟ್ಟಾಯಿತು. ಗುಬ್ಬಿಯವರಿಗೆ ನಾಟಕ ಅಂದರೆ ಕೊಬ್ಬರಿ ವ್ಯಾಪಾರದಷ್ಟೇ ಚೆನ್ನಾಗಿ ಗೊತ್ತು. ಕಂಪನಿ ನಾಟಕದಲ್ಲಿ ಹೆಂಗಸರ ಪಾತ್ರ ಹೆಂಗಸರೇ ಮಾಡಿದ್ದನ್ನು ನೋಡಿ ಬೆಳೆದವರು. ನಮ್ಮದು ಸಂಸಾರಸ್ಥರ ಸಂಘ, ನಮ್ಮಲ್ಲಿ ಅದೆಲ್ಲ ಎಲ್ಲಿ? ರಾಣಿ ಗುಮಾಸ್ತರಿಗೆ ಆಗಲೇ ಕತ್ತು ದಪ್ಪವಾಗಿ ಧ್ವನಿ ಬಿದ್ದುಹೋಗಿತ್ತು. "ಪ್ರಾಣಕಾಂತಾ" ಎಂದು ಅವರು ಗುಡುಗಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಏನ್ರಲಾ, ರಾಣಿಗಿಂತ ರಾಜಂದೇ ಸಣ್ಣ ಗಂಟ್ಲು! ಸೀರೆ ಅವನಿಗೆ ಉಡಿಸ್ರೋ!" ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು. ರಾಣಿ ಗುಮಾಸ್ತರು ಅತ್ತರು. ಪಾತ್ರದಲ್ಲಿ ಅಲ್ಲ, ನಿಜವಾಗಿ.

ಪರದೆ ಬಿತ್ತು. ಸೆಕ್ರೆಟರಿಗಳು ಬಂದರು, ಮುಖ ಕೆಂಪಗಾಗಿತ್ತು. "ಗುಬ್ಬಿಯ ಮಹಾಜನಗಳೇ, ಮುಂದಿನ ಯೋಜನೆ ಒಂದೇ ಒಂದು. ಕುಣಿಗಲ್ ಪ್ರದರ್ಶನದಿಂದಲೇ ನಮ್ಮ ಸಂಘದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡುತ್ತಾರೆ. ಇದಕ್ಕೆ ತುಂಬು ಮನಸ್ಸಿನಿಂದ ಒಪ್ಪಿಗೆ ಕೊಟ್ಟ, ಇವತ್ತು ಪ್ರಾರ್ಥನೆ ಹಾಡಿದ ಕುಮಾರಿಯ ಪೂಜ್ಯ ತಂದೆಯವರಿಗೆ, ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಅವರಿಗೆ ಸಂಘದ ಅನಂತಾನಂತ ವಂದನೆಗಳು!"

ಗುಬ್ಬಿಯವರ ಚಪ್ಪಾಳೆಗೆ ಗ್ಯಾಸ್‌ಲೈಟು ಅಲ್ಲಾಡಿತು. ಎಲ್ಲರೂ ತಿರುಗಿ ನೋಡಿದರು. ನಮ್ಮಪ್ಪ ಮರ್ಯಾದಸ್ಥರು, ಸಭೆಯಲ್ಲಿ ವಂದಿಸಿದರೆ ಪ್ರತಿವಂದನೆ ಮಾಡಿ ಅಭ್ಯಾಸ. ಕೈಗಳು ತಾವಾಗೇ ಎದ್ದು ಜೋಡಿಸಿಕೊಂಡುಬಿಟ್ಟವು. ಜೋಡಿಸಿದ ಮೇಲೆ ಅವರಿಗೆ ತಾನು ಏನು ಮಾಡಿದೆ ಅಂತ ಹೊಳೆಯಿತು. ತುಮಕೂರು ತಲುಪುವವರೆಗೂ ಬಸ್ಸಿನಲ್ಲಿ ಅವರು ತಮ್ಮ ಎರಡು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂತಿದ್ದರು.

ಮನೆಗೆ ಬಂದು "ಸಾಧ್ಯವೇ ಇಲ್ಲ" ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರನೇ ದಿನದಿಂದಲೇ ರಾಣಿ ಗುಮಾಸ್ತರು ಮೀಸೆ ಬಿಡತೊಡಗಿದರು. ಮದುವೆಯಾದಾಗಿನಿಂದ ಅವರ ಹೆಂಡತಿ ಬೇಡಿಕೊಂಡಿದ್ದು ಅದೊಂದನ್ನೇ. ಮೂಗಿನ ಕೆಳಗೆ ಕಪ್ಪಗೆ ಕಂಡದ್ದೇ ತಡ, ಅವರ ಪುಟ್ಟ ಮಗಳು ಯಾರೋ ಬಂದರೆಂದು ಹೆದರಿ ಅಳುತ್ತಾ ಒಳಗೆ ಓಡಿದಳಂತೆ. ಸೆಕ್ರೆಟರಿಗಳು ಹೋಗಿ ಕುಣಿಗಲ್ ಒಂದು ಆಗಲಿ ಅಂತ ಕಾಲು ಹಿಡಿಯುವುದೊಂದು ಬಾಕಿ. ಅವರು ಮೀಸೆ ಸವರಿಕೊಂಡು, "ನಾನು ಬಿಟ್ಟಿದ್ದು ಪಾತ್ರ ಅಲ್ಲ ಸ್ವಾಮಿ, ಕ್ಷೌರ" ಅಂದರಂತೆ. ಈಗ ಸಂಘಕ್ಕೆ ಹಳೇ ರಾಣಿಯೂ ಇಲ್ಲ, ಹೊಸ ರಾಣಿಯೂ ಇಲ್ಲ.

ಇತ್ತ ಅಪ್ಪನಿಗೆ ಕೋರ್ಟಿನಲ್ಲಿ ಹೊಗಳಿಕೆಯ ಕಾಟ. ಮುನ್ಸೀಫರು ಚೇಂಬರಿಗೆ ಕರೆದು, "ಶಿರಸ್ತೇದಾರ್ರೇ, ನಿಮ್ಮದು ದೊಡ್ಡ ಮನಸ್ಸು" ಅಂದರಂತೆ. ಹಾಗಲಕಾಯಿ ಗೊಜ್ಜು ಬೆಲ್ಲ ಹಾಕಿ ತಿಂದವರ ಹಾಗೆ ಮುಖ ಮಾಡಿಕೊಂಡು ಮನೆಗೆ ಬಂದರು. ಇನ್ನೇನು ಒಪ್ಪುತ್ತಾರೆ ಅಂತ ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಅಷ್ಟರಲ್ಲಿ ಬೆಳ್ಳಾವಿಯಿಂದ ಹೇಳಿಕಳಿಸಿದರು. ಅಲ್ಲಿಯ ಒಂದು ಮನೆಯಿಂದ ನನ್ನನ್ನು ನೋಡಲು ಬರುವುದೆಂದು ಮಾತಾಗಿತ್ತು. "ಬಣ್ಣ ಹಚ್ಚೋ ಹುಡುಗಿ ನಮ್ಮನೆಗೆ ಬ್ಯಾಡ" ಎಂದರಂತೆ. ಅಮ್ಮ ಒಲೆ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

ಸುದ್ದಿ ಸೈಕಲ್ ಷಾಪಿಗೂ ಮುಟ್ಟಿತು. ಮಾರನೇ ದಿನ ಬೆಳಿಗ್ಗೆ ಸೆಕ್ರೆಟರಿಗಳು ನಮ್ಮ ಮನೆಗೆ ನಡೆದುಕೊಂಡು ಬಂದರು. ಕೈ ಮುಗಿದಿದ್ದರು, ಆದರೆ ಬಾಯಿಂದ ವಂದನೆ ಹೊರಡಲಿಲ್ಲ. ಜಗಲಿಯ ಅಂಚಿನಲ್ಲಿ ಕೂತರು. ಕೊನೆಗೆ, "ತಪ್ಪಾಯ್ತು ಶಿರಸ್ತೇದಾರ್ರೇ. ಕುಣಿಗಲ್ ಸ್ಟೇಜ್ ಮೇಲೆ ನಾನೇ ಹೇಳ್ತೀನಿ, ಸುಳ್ಳು ಹೇಳಿದ್ದೆ ಅಂತ. ನಾಟಕ ನಿಲ್ಲಿಸ್ತೀನಿ. ಹುಡುಗಿ ಹೆಸರು ಕೆಡೋದು ಬೇಡ" ಅಂದರು.

ನನಗೆಲ್ಲಿತ್ತೋ ಆ ಸಿಟ್ಟು! ಬಾಗಿಲ ಹಿಂದಿನಿಂದ ಈಚೆಗೆ ಬಂದು, "ಅಲ್ಲ ಸೆಕ್ರೆಟರಿಗಳೇ, ಊರಿಗೆಲ್ಲ ಹೇಳಿದ್ರಿ, ಅಪ್ಪನಿಗೆ ವಂದಿಸಿದ್ರಿ. ನನ್ನನ್ನ ಒಂದು ಮಾತು ಕೇಳಿದ್ರಾ?" ಅಂದೆ.

"ಇಲ್ಲಮ್ಮ."

"ಈಗ ಕೇಳಿ."

ಕೇಳಿ ಅಭ್ಯಾಸವೇ ಇಲ್ಲದ ಮನುಷ್ಯ. ಗಾಯದ ಮೊಣಕೈ ಕೆರೆದುಕೊಂಡರು. ಆಮೇಲೆ ಬಹಳ ಮೆತ್ತಗೆ, "ಮಾಡ್ತೀಯಾಮ್ಮ?" ಅಂದರು.

"ಮಾಡ್ತೀನಿ."

ಅಲ್ಲಿವರೆಗೆ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳಿರಲಿಲ್ಲ ಅಂತ ನನಗೆ ಗೊತ್ತಾಗಿದ್ದೇ ಆವಾಗ.

ಅಪ್ಪ ಪೇಪರ್ ಮಡಿಸಿದರು. "ಕೇಳೋಕೂ ಬರುತ್ತಲ್ಲ ನಿಮಗೆ? ನನ್ನನ್ನೂ ಕೇಳಿ."

ಸೆಕ್ರೆಟರಿಗಳು ಎದ್ದು ನಿಂತು ಕೇಳಿದರು. "ತಮ್ಮ ಮಗಳನ್ನ ನಾಟಕಕ್ಕೆ ಕಳಿಸಿಕೊಡ್ತೀರಾ?"

"ಇಲ್ಲ" ಅಂದರು ಅಪ್ಪ. ಅಮ್ಮ ಒಳಗೆ ಲೋಟ ಕುಕ್ಕಿದಳು. ಅಪ್ಪ ಕನ್ನಡಕ ಒರೆಸಿಕೊಂಡು ಹೇಳಿದರು, "ಇಲ್ಲ ಅನ್ನೋಕೆ ನಂಗೊಂದು ಅವಕಾಶ ಬೇಕಿತ್ತು ಕಣ್ರೀ. ಅಂದಾಯ್ತು. ಇನ್ನು ಅವಳಿಷ್ಟ."

ಕುಣಿಗಲ್ಲಿನಲ್ಲಿ ನಾನು ಅಮ್ಮನ ಮದುವೆಯ ಸೀರೆ ಉಟ್ಟು ರಾಣಿಯಾದೆ. ಪಕ್ಕದ ಪರದೆಯ ಹಿಂದೆ ರಾಣಿ ಗುಮಾಸ್ತರು ಮೀಸೆ ಹೊತ್ತು ನಿಂತಿದ್ದರು, ಮಾತು ಮರೆತರೆ ಹೇಳಿಕೊಡಲು. ನಾನು ಮರೆಯದಿದ್ದರೂ ಹೇಳಿಕೊಟ್ಟರು. ರಾಜನ ತಲೆ ತೊಡೆಯ ಮೇಲಿಟ್ಟುಕೊಂಡು ನಾನು ಅಳುವಾಗ ಅವರು ಅಲ್ಲೇ ನನಗಿಂತ ಗಟ್ಟಿಯಾಗಿ ಅತ್ತುಬಿಟ್ಟರು, ಜನರಿಗೆ ಎರಡು ರಾಣಿಯರ ಅಳು ಕೇಳಿಸಿತು. ನಾಟಕ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನ ಗಲ್ಲ ಹಿಡಿದು, "ನೀನೂ ಚೆನ್ನಾಗಿದೀಯ ಕಣವ್ವ. ಆದ್ರೆ ಓದ್ ವರ್ಷದವ್ಳು ಅಳ್ತಿದ್ಲು ನೋಡು, ಅದು ಅಳು" ಅಂದಳು. ರಾಣಿ ಗುಮಾಸ್ತರು ಆ ಅಜ್ಜಿಗೆ ಎಲೆ ಅಡಿಕೆ ಕೊಡಿಸಿದರು.

ಆಮೇಲೆ ಹತ್ತು ಹನ್ನೊಂದು ವರ್ಷ ಸಂಘಕ್ಕೆ ನಾನೇ ರಾಣಿ. ಮದುವೆಯೇನೂ ನಿಲ್ಲಲಿಲ್ಲ. ನಾಟಕ ನೋಡಿಯೇ ಒಪ್ಪಿದವರು ಒಬ್ಬರು ಸಿಕ್ಕರು, ಆಮೇಲೆ ಪಶ್ಚಾತ್ತಾಪ ಪಟ್ಟರೋ ಏನೋ ಗೊತ್ತಿಲ್ಲ. ರಂಗಮಂದಿರ ಮಾತ್ರ ಮುಂದಿನ ಯೋಜನೆಯಲ್ಲೇ ಉಳಿಯಿತು.

ಸೆಕ್ರೆಟರಿಗಳು ಹೋದದ್ದು ಯಾವುದೋ ಚಕ್ರಕ್ಕೆ ಗಾಳಿ ಹಾಕುತ್ತಾ ಹಾಕುತ್ತಾ, ಸಂಘದ ಬೋರ್ಡಿನ ಕೆಳಗೇ. ಎದೆ ಹಿಡಿದುಕೊಂಡು ಕೂತರಂತೆ, ನೀರು ತರಲು ಓಡಿದವನಿಗೆ ಥ್ಯಾಂಕ್ಸ್ ಅಂದರಂತೆ. ಅವನು ನೀರು ತರುವಷ್ಟರಲ್ಲಿ ಇರಲಿಲ್ಲ.

ನಮ್ಮ ಶಾಲೆಯ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಪ್ರಾರ್ಥನೆ ಹಾಡಿದ್ದು ರಾಣಿ ಗುಮಾಸ್ತರ ಮಗಳು, ಅಪ್ಪನ ಮೀಸೆ ಕಂಡು ಹೆದರಿ ಓಡಿದ್ದಳಲ್ಲ, ಅವಳೇ. ಆಗ ಅವಳು ಕಾಲೇಜು ಹುಡುಗಿ. ಹಾಡಿ ಇಳಿದು ಅಪ್ಪನ ಪಕ್ಕ ಕೂತಳು. ಅವಳನ್ನು ನಾಟಕಕ್ಕೆ ಕಳಿಸಿ ಅಂತ ನಾನು ಗುಮಾಸ್ತರನ್ನು ಎಷ್ಟೋ ಸಲ ಕೇಳಿದ್ದೆ. "ಬುಡಿ ಮೇಡಮ್ಮೋರೇ, ನಮ್ಮನೇಲಿ ಹೆಣ್ಣಾಗಿ ನಾನು ಪಟ್ಟಿದ್ದೇ ಸಾಕು" ಎಂದು ಪ್ರತಿ ಸಲವೂ ಕೈ ಆಡಿಸಿಬಿಡುತ್ತಿದ್ದರು.

ಭಾಷಣಗಳು ಮುಗಿದವು, ಮೌನ ಮುಗಿಯಿತು. ಶ್ರದ್ಧಾಂಜಲಿ ಸಭೆಗೆ ವಂದನಾರ್ಪಣೆ ಇರುವುದಿಲ್ಲ, ಎಲ್ಲರಿಗೂ ಗೊತ್ತು. ಆದರೂ ಯಾರೂ ಏಳಲಿಲ್ಲ. ಆ ಮಾತು ಕೇಳಿದರೆ ಎದ್ದು ಓಡುತ್ತಿದ್ದ ಜನ, ಅಕ್ಕಿ ಗಿರಣಿಯವರು, ಹೋಟೆಲಿನವರು, ಎಲ್ಲರೂ ಖಾಲಿ ಮೈಕ್ ನೋಡುತ್ತಾ ಕೂತೇ ಇದ್ದರು. ನನಗೆ ಅಳು ಉಕ್ಕಿ ಬಂತು. ಎದ್ದು ಮೈಕಿನ ಹತ್ತಿರ ಹೋಗಬೇಕು ಅನ್ನಿಸಿತು, ಆದರೆ ಮೊದಲು ಹೋದದ್ದು ಅಲ್ಲಿಗಲ್ಲ, ಎರಡನೇ ಸಾಲಿಗೆ. ಆ ಹುಡುಗಿಯ ಕಿವಿಯಲ್ಲಿ ಕೇಳಿದೆ, "ಮಾಡ್ತೀಯೇನೇ?" ಅವಳು ಅಪ್ಪನ ಕಡೆ ನೋಡದೆ ತಲೆ ಆಡಿಸಿದಳು.

ಆಮೇಲೆ ಮೈಕ್ ಹಿಡಿದೆ. "ಮುಂದಿನ ಯೋಜನೆ ಒಂದೇ ಒಂದು. ಈ ಬೇಸಿಗೆಗೆ ಸಂಘದ ನಾಟಕ ಇದ್ದೇ ಇರುತ್ತೆ. ಅದರಲ್ಲಿ ರಾಣಿಯಾಗಲು ಮಗಳನ್ನು ತುಂಬು ಮನಸ್ಸಿನಿಂದ ಕಳಿಸಿಕೊಡುತ್ತಿರುವ ನಮ್ಮ ಹಳೇ ರಾಣಿಯವರಿಗೆ ಅನಂತಾನಂತ ವಂದನೆಗಳು."

ಚಪ್ಪಾಳೆ ಹೊಡೆಯಬಾರದ ಸಭೆಯಲ್ಲಿ ಚಪ್ಪಾಳೆ ಬಿತ್ತು. ರಾಣಿ ಗುಮಾಸ್ತರ ಕೈ ಮೀಸೆಗೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಒದ್ದಾಡಿತು, ಕೊನೆಗೆ ಇನ್ನೊಂದು ಕೈಯನ್ನು ಕರೆದುಕೊಂಡು ಎದೆಯ ಮುಂದೆ ಬಂದು ಜೋಡಿಸಿಕೊಂಡಿತು.

ಬಾಗಿಲಲ್ಲಿ ನನ್ನನ್ನು ಅಡ್ಡ ಹಾಕಿದರು. "ಇಲ್ಲ ಅನ್ನೋಕಾದ್ರೂ ಬುಡಬಾರ್ದಾ ಮೇಡಮ್ಮೋರೇ?"

"ಅನ್ನಿ."

"ಇಲ್ಲ."

"ಆಯ್ತಲ್ಲ?"

"ಆಯ್ತು" ಅಂದರು. ಮೂಗು ಒರೆಸಿಕೊಂಡರು. "ರಿಹರ್ಸಲ್ಲು ಯಾವತ್ತಿಂದ?"